ಪತ್ರಿಕೆಗಳಲ್ಲಿ ಹುಟ್ಟುವ ಇಂಗ್ಲಿಷ್ ಶಬ್ದಗಳು

ನಮ್ಮ ವಾಚಕರಲ್ಲಿ ಅನೇಕರು ಕನ್ನಡ ಪತ್ರಿಕೆಯೊಡನೆ ಇಂಗ್ಲಿಷ್ ಪತ್ರಿಕೆಯನ್ನೂ ಓದುವವರು. ಪರಭಾಷೆಯ ನಗರದಲ್ಲಿ ಬಾಳುವವರಿಗೆ ಅದು ಅನಿವಾರ್ಯವೂ ಹೌದು. ಅವರಿಂದ ನಮಗೆ ಆಗಾಗ ಕೇಳಿಬರುವ ದೂರೊಂದುಂಟು: ಶಾಲೆಯಲ್ಲಿ ಕಲಿತ ಇಂಗ್ಲಿಷು ಒಂದು, ಪತ್ರಿಕೆಯಲ್ಲಿ ಬರುವ ಇಂಗ್ಲಿಷು ಇನ್ನೊಂದು, ಮನೆಯ ನಿಘಂಟನ್ನು ತೆರೆದು ನೋಡಿದರೆ ಆ ಶಬ್ದವೇ ಅಲ್ಲಿಲ್ಲ. ದೂರು ನ್ಯಾಯವಾದುದೇ ಸರಿ. ನಿಘಂಟುಕಾರರು ಶಬ್ದಗಳನ್ನು ಹುಟ್ಟಿಸುವುದಿಲ್ಲ. ಚಲಾವಣೆಯಲ್ಲಿ ನಿಂತ ಶಬ್ದವನ್ನು ದಾಖಲು ಮಾಡುತ್ತಾರೆ. ಆದುದರಿಂದ ಪತ್ರಿಕೆ ಎಂದೆಂದಿಗೂ ಮುಂದೆ, ನಿಘಂಟು ಹಿಂದೆ.

ಇಂತಹ ಶಬ್ದಗಳ ಜಾತಕವನ್ನು ನೋಡಿದರೆ ಅವುಗಳ ಭಯ ಅರ್ಧ ಕಡಮೆಯಾಗುತ್ತದೆ. 1880ರಲ್ಲಿ ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬಾತನು ಜಮೀನುದಾರನೊಬ್ಬನ ಪರವಾಗಿ ಗೇಣಿ ವಸೂಲು ಮಾಡುತ್ತಿದ್ದನು. ಒಕ್ಕಲೆಬ್ಬಿಸಲು ಹೊರಟ ಆತನೊಡನೆ ರೈತರು ಸಕಲ ವ್ಯವಹಾರವನ್ನೂ ನಿಲ್ಲಿಸಿದರು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಪತ್ರಿಕೆಗಳು ಈ ಸುದ್ದಿಯನ್ನು ಬರೆಯುತ್ತ ಬರೆಯುತ್ತ ಆತನ ಹೆಸರನ್ನೇ ಕ್ರಿಯಾಪದವನ್ನಾಗಿ ಮಾಡಿದವು. ಇಪ್ಪತ್ತೈದು ವರ್ಷಗಳಲ್ಲಿ ಆ ಶಬ್ದವು ಸಮುದ್ರ ದಾಟಿ ಬಂದು, 1905ರ ಆಗಸ್ಟ್ 7ರಂದು ಕಲ್ಕತ್ತದ ಟೌನ್ ಹಾಲ್ ಸಭೆಯಲ್ಲಿ ವಿದೇಶೀ ಮಾಲಿನ ವಿರುದ್ಧ ನಿರ್ಣಯದ ರೂಪ ತಾಳಿತು. ಕನ್ನಡಕ್ಕೆ ಮಾತ್ರ ಹೊಸ ಶಬ್ದದ ಅಗತ್ಯ ಬೀಳಲಿಲ್ಲ. ಜಾತಿ ಪಂಚಾಯತಿಯವರು ವಿಧಿಸುತ್ತಿದ್ದ 'ಬಹಿಷ್ಕಾರ'ವೆಂಬ ಹಳೆಯ ಮಾತೇ ಹೊಸ ಅರ್ಥವನ್ನು ಹೊತ್ತು ನಿಂತಿತು.

ಎರಡು ಶಬ್ದಗಳನ್ನು ಕಡಿದು ಜೋಡಿಸುವುದು ಇನ್ನೊಂದು ವಿಧಾನ. ಹೊಗೆಯೆಂಬ ಅರ್ಥದ 'ಸ್ಮೋಕ್', ಮಂಜೆಂಬ ಅರ್ಥದ 'ಫಾಗ್' ಸೇರಿ 'ಸ್ಮಾಗ್' ಆಯಿತು; 1905ರಲ್ಲಿ ಲಂಡನ್ನಿನಲ್ಲಿ ಆ ಶಬ್ದ ಪ್ರಚಾರ ಪಡೆಯಿತು. 1952ರ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ಸಾವಿರಾರು ಜನರನ್ನು ಅದು ಬಲಿ ತೆಗೆದುಕೊಂಡಿತು. ದಿಲ್ಲಿಯಲ್ಲಿರುವ ನಮ್ಮ ಬಂಧುಗಳಿಗೆ ಈ ಹೊಗೆಮಂಜಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬ್ರಿಟನ್ನು ಯುರೋಪಿನ ಒಕ್ಕೂಟದಿಂದ ಹೊರಬರುವ ವಿಚಾರಕ್ಕೆ 2012ರಲ್ಲಿ ಹುಟ್ಟಿದ 'ಬ್ರೆಕ್ಸಿಟ್' ಇದೇ ವಂಶದ್ದು.

ಅಗತ್ಯದಿಂದ ಹುಟ್ಟಿದ ಶಬ್ದಗಳಂತೆ ಚಟದಿಂದ ಹುಟ್ಟುವವೂ ಇವೆ. ವಾಷಿಂಗ್ಟನ್ನಿನ ವಾಟರ್‌ಗೇಟ್ ಎಂಬುದು ಕಟ್ಟಡಗಳ ಒಂದು ಸಮೂಹ. ಅಲ್ಲೊಂದು ಹೋಟೆಲೂ ಉಂಟು. 1972ರ ಜೂನ್ 17ರಂದು ಅಲ್ಲಿದ್ದ ಡೆಮೊಕ್ರಾಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಎರಡು ವರ್ಷಗಳ ತರುವಾಯ ಅಧ್ಯಕ್ಷ ನಿಕ್ಸನ್ನರು ರಾಜೀನಾಮೆ ಕೊಡಬೇಕಾಯಿತು. ಅಂದಿನಿಂದ ಯಾವ ಹಗರಣವಾದರೂ ಸರಿ, ಅದರ ಬಾಲಕ್ಕೊಂದು 'ಗೇಟ್' ಕಟ್ಟುವುದು ಪತ್ರಕರ್ತರ ಅಭ್ಯಾಸವಾಗಿಬಿಟ್ಟಿದೆ. ಇವುಗಳಲ್ಲಿ ಬಹುತೇಕ ಶಬ್ದಗಳು ಹಗರಣದೊಡನೆಯೇ ಮಡಿಯುತ್ತವೆ.

ಇನ್ನು ಹಳೆಯ ಪೆಟ್ಟಿಗೆಯಿಂದ ಹೊರತೆಗೆದ ಶಬ್ದಗಳ ಮಾತು. ಇದು ಕೇವಲ ವಿನೋದದ ವಿಷಯವಲ್ಲ. ಪ್ಲೇಗಿನ ಭಯದಿಂದ ವೆನಿಸ್ ಬಂದರದಲ್ಲಿ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದುದರಿಂದ, ಇಟಲಿಯ ಭಾಷೆಯಲ್ಲಿ ನಲವತ್ತನ್ನು ಸೂಚಿಸುವ ಪದದಿಂದ 'ಕ್ವಾರಂಟೈನ್' ಬಂದಿತು. 2020ರಲ್ಲಿ ಅದು ಪ್ರತಿ ಪುಟದಲ್ಲಿಯೂ ಮೆರೆಯಿತು. ಹೋಟೆಲುಗಳು ಮುಚ್ಚಿ ಸಂಬಳವಿಲ್ಲದೆ ಮುಂಬಯಿಯಿಂದ ಊರಿಗೆ ಹೊರಟ ನಮ್ಮ ಹುಡುಗರಿಗೆ 'ಹೋಮ್ ಕ್ವಾರಂಟೈನ್' ಬೇರೆ, 'ಇನ್‌ಸ್ಟಿಟ್ಯೂಷನಲ್ ಕ್ವಾರಂಟೈನ್' ಬೇರೆ ಎಂಬುದು ಜೀವನ್ಮರಣದಷ್ಟೇ ದೊಡ್ಡ ಸಂಗತಿಯಾಗಿತ್ತು. ಮೊದಲನೆಯದಾದರೆ ತಾಯಿಯ ಮನೆಯ ಕೋಣೆ. ಎರಡನೆಯದಾದರೆ ಊರು ತಲುಪಿಯೂ ಮನೆ ಕಾಣದೆ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ದಿನ ಎಣಿಸಬೇಕು. ಅದೇ ವರ್ಷ ಬ್ರಿಟನ್ನಿನ ಪತ್ರಿಕೆಗಳಲ್ಲಿ 'ಫರ್ಲೋ' ಎಂದರೆ ಕೆಲಸವಿಲ್ಲದಿದ್ದರೂ ಸರಕಾರದ ನೆರವಿನಿಂದ ಸಂಬಳದ ಬಹುಭಾಗ ದೊರೆಯುವ ರಜೆ. ಮುಂಬಯಿಯ ಪತ್ರಿಕೆಗಳಲ್ಲಿಯೋ, ಜೈಲಿನ ಕೈದಿಗೆ ದೊರೆಯುವ ರಜೆ! ಒಂದೇ ಶಬ್ದವನ್ನು ಎರಡು ದೇಶಗಳಲ್ಲಿ ಓದುವವನು ಎಷ್ಟು ಎಚ್ಚರದಿಂದಿರಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ನಾವು ಹೋಟೆಲಿನ ಗಲ್ಲೆಯಿಂದ ಸಂಪಾದಕರ ಮೇಜಿಗೆ ಬಂದವರು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೆ ನಿಂತಿತು. ಗಲ್ಲೆಯ ಮೇಲೆ ಕಲಿತ ಪಾಠವೊಂದನ್ನು ಇಲ್ಲಿಯೂ ಪಾಲಿಸುತ್ತಿದ್ದೇವೆ. ಹೊಸ ತಿಂಡಿಯ ಹೆಸರನ್ನು ಹಲಗೆಯ ಮೇಲೆ ಬರೆದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಗಿರಾಕಿ ಮರುದಿನವೂ ಕೇಳಿದರೆ ನಿಲ್ಲುತ್ತದೆ. ತಿಂಡಿಯೇನೆಂದು ಕೇಳಿದ ಗಿರಾಕಿಗೆ ಹೇಳಲಾರದ ಮಾಣಿ ಅದನ್ನು ಮಾರಲಾರ. ಶಬ್ದಕ್ಕೂ ಇದೇ ನ್ಯಾಯ.

ನಮ್ಮ ನುಡಿಯೇನೂ ಬಡವಲ್ಲ. ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ತೆರೆದ ಬಾನುಲಿ ಕೇಂದ್ರವು 'ಆಕಾಶವಾಣಿ'ಯೆಂದು ಹೆಸರಾಯಿತು; ಮುಂದೆ ಆ ಹೆಸರು ಅಖಿಲ ಭಾರತಕ್ಕೇ ಸಂದಿತು. ಅಂತಹ ಸುಂದರವಾದ ಶಬ್ದ ದೊರೆತಾಗ ಸ್ವೀಕರಿಸೋಣ. ದೊರೆಯದಿದ್ದಲ್ಲಿ ಇಂಗ್ಲಿಷ್ ಶಬ್ದವನ್ನೇ ಇಟ್ಟು, ಅದರ ಪಕ್ಕದಲ್ಲಿ ಒಂದು ವಾಕ್ಯದ ತಿಳಿಗನ್ನಡವನ್ನು ಬರೆಯೋಣ. ಇದು ಪತ್ರಿಕೆಯ ಔದಾರ್ಯವಲ್ಲ, ಕರ್ತವ್ಯ.

ಅರ್ಥವಾಗದ ಶಬ್ದ ಎದುರಾದಾಗ ವಾಚಕರು ನಾಚಿಕೊಳ್ಳಬಾರದು. ಸರಕಾರದ ಆಜ್ಞೆ, ಬೇಂಕಿನ ಕಾಗದ, ಆಸ್ಪತ್ರೆಯ ಚೀಟಿ ಇವುಗಳಲ್ಲಿ ಬಂದ ಶಬ್ದವನ್ನಂತೂ ಕೇಳದೆ ಬಿಡಲೇಬಾರದು. ಪತ್ರಿಕೆಯಲ್ಲಿ ಕಂಡುದಾದರೆ ಆ ಸಾಲನ್ನು ಕತ್ತರಿಸಿ, ಒಂದು ಕಾರ್ಡಿನೊಡನೆ ನಮಗೆ ಕಳುಹಿಸಿರಿ. ನಮಗೆ ತಿಳಿದಿದ್ದರೆ ಹೇಳುವೆವು. ತಿಳಿಯದಿದ್ದರೆ ಬಲ್ಲವರನ್ನು ಕೇಳಿ ಇದೇ ಅಂಕಣದಲ್ಲಿ ಉತ್ತರಿಸುವೆವು.