ಕ್ಯಾಚ್ ಕ್ಯಾನ್ ಹಿಡಿಯುವುದು ಏನನ್ನು?

ಟರ್ಬೊ ಕಾರಿನ ಬಾನೆಟ್ ಎತ್ತಿದಾಗ ಎಂಜಿನ್ ಪಕ್ಕದಲ್ಲಿ ಎರಡು ಪೈಪು ಸಿಕ್ಕಿಸಿಕೊಂಡು ಕೂತ ಪುಟ್ಟ ಅಲ್ಯೂಮಿನಿಯಂ ಡಬ್ಬಿ ಕಂಡರೆ ಅದೇ ಆಯಿಲ್ ಕ್ಯಾಚ್ ಕ್ಯಾನ್. ಇದನ್ನು ಹಾಕಿಸಿದರೆ ವಾಲ್ವ್‌ಗಳ ಮೇಲೆ ಮಸಿ ಕಟ್ಟುವುದಿಲ್ಲ, ಪಿಕಪ್ ಏರುತ್ತದೆ, ಎಂಜಿನ್ ಬಹುಕಾಲ ಬಾಳುತ್ತದೆ ಎಂಬ ನಂಬಿಕೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಲ್ಲಿ ಬಲವಾಗಿದೆ. ರೇಸ್ ಕಾರುಗಳಲ್ಲಿಯೇ ಇದೆಯಲ್ಲ ಎಂಬುದು ಅದಕ್ಕೆ ಕೊಡುವ ಮೊದಲ ಪುರಾವೆ. ಇದೆ, ನಿಜ. ಎಂಜಿನ್ನಿನ ಉಸಿರುಕೊಳವೆ ಹೊರಗಾಳಿಗೆ ತೆರೆದಿದ್ದರೆ ಅದರ ತುದಿಗೆ ಡಬ್ಬಿ ಇರಲೇಬೇಕೆಂದು ಮೋಟಾರ್ ರೇಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮ ಹೇಳುತ್ತದೆ. 2,000 ಸಿಸಿವರೆಗಿನ ಎಂಜಿನ್ನಿಗೆ 2 ಲೀಟರ್, ಅದಕ್ಕೂ ದೊಡ್ಡದಕ್ಕೆ 3 ಲೀಟರ್ ಹಿಡಿಸುವ ಡಬ್ಬಿ. ಆದರೆ ಆ ನಿಯಮದ ಕಾಳಜಿ ಟ್ರ್ಯಾಕಿನದು. ತಿರುವಿನಲ್ಲಿ ಒಂದು ಲೋಟ ಆಯಿಲ್ ಚೆಲ್ಲಿದರೂ ಸಾಕು, ಹಿಂದೆ ಬರುವವನ ಟೈರು ಜಾರುತ್ತದೆ. ರೇಸಿನ ಡಬ್ಬಿ ಮೊದಲು ಕಾಯುವುದು ಅವನನ್ನು. ರಸ್ತೆಯ ಕಾರಿನಲ್ಲಿ ಅದೇ ಡಬ್ಬಿಗೆ ನಾವು ಬೇರೆಯದೇ ಕೆಲಸ ಒಪ್ಪಿಸಿದ್ದೇವೆ. ಅದು ಆ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡೀತು ಎಂಬುದು ಅದರೊಳಗೆ ಹಾಯುವ ಗಾಳಿ ಯಾವುದು, ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದರ ಮೇಲೆ ನಿಂತಿದೆ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಅನಿಲದ ಒಂದಂಶ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಎಷ್ಟೇ ಹೊಸ ಎಂಜಿನ್ ಆದರೂ ಇದು ತಪ್ಪದು. ಬ್ಲೋ-ಬೈ ಎನ್ನುವುದು ಇದನ್ನೇ. ಟರ್ಬೊ ಒತ್ತಡ ಸೇರಿದರೆ ನುಸುಳಿಕೆ ಇನ್ನೂ ಹೆಚ್ಚು. ಹಿಂದಿನ ಕಾಲದ ಕಾರುಗಳು ಇದನ್ನು ಒಂದು ಕೊಳವೆಯ ಮೂಲಕ ನೇರ ರಸ್ತೆಗೆ ಬಿಡುತ್ತಿದ್ದವು. ನಗರಗಳ ಹೊಗೆಯಲ್ಲಿ ಇದರ ಪಾಲು ದೊಡ್ಡದೆಂದು ಗೊತ್ತಾದ ಮೇಲೆ, 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಿಂದ ಶುರುವಾಗಿ ಪಿಸಿವಿ ವಾಲ್ವ್ ಬಂತು: ಆ ಆವಿಯನ್ನು ಮತ್ತೆ ಇನ್‌ಟೇಕಿಗೇ ಎಳೆದುಕೊಂಡು ಸುಟ್ಟುಬಿಡುವ ಏರ್ಪಾಡು. ಆವಿಯ ಜೊತೆ ಆಯಿಲಿನ ಸಣ್ಣ ಸಣ್ಣ ಹನಿಗಳೂ ಹೋಗುತ್ತವೆ. ಟರ್ಬೊ ಕಾರಿನಲ್ಲಿ ಇದಕ್ಕೆ ಎರಡು ದಾರಿ. ನಿಧಾನವಾಗಿ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತ ಪಿಸಿವಿ ವಾಲ್ವ್ ಮೂಲಕ ಎಳೆಯುತ್ತದೆ. ಆಕ್ಸಿಲರೇಟರ್ ಅದುಮಿ ಬೂಸ್ಟ್ ಏರಿದಾಗ ಆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆವಿ ಇನ್ನೊಂದು ಪೈಪಿನಿಂದ ಟರ್ಬೊ ಮುಂದಿನ ಇನ್‌ಟೇಕಿಗೆ ಹೋಗುತ್ತದೆ. ಒಂದೇ ದಾರಿಗೆ ಡಬ್ಬಿ ಕೂರಿಸಿ ಎಂಜಿನ್ ಪೂರ್ತಿ ಸುರಕ್ಷಿತ ಎಂದುಕೊಳ್ಳುವವರು ಇನ್ನೊಂದು ದಾರಿಯನ್ನು ಮರೆತಿರುತ್ತಾರೆ.

ಈಗ ಮಸಿಯ ಮಾತು. ಇದಕ್ಕೆ ಅಮೆರಿಕದಲ್ಲಿ 2015ರಿಂದ 2021ರವರೆಗೆ ಮಾರಾಟವಾದ ಸುಬಾರು ಡಬ್ಲ್ಯುಆರ್‌ಎಕ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಅದರ 2.0 ಲೀಟರ್, 268 ಅಶ್ವಶಕ್ತಿಯ ಎಫ್‌ಎ20 ಟರ್ಬೊ ಎಂಜಿನ್ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೆ ಸಿಂಪಡಿಸುತ್ತದೆ. ಅದೇ ವರ್ಷಗಳಲ್ಲಿ ಅದರ ಪಕ್ಕದಲ್ಲೇ ಮಾರಾಟವಾದ ಸುಬಾರುವಿನದೇ ಎಸ್‌ಟಿಐ ಕಾರಿನ 2.5 ಲೀಟರ್ ಹಳೆಯ ಎಂಜಿನ್ ಇನ್‌ಟೇಕ್ ಪೋರ್ಟಿನಲ್ಲಿ, ವಾಲ್ವಿನ ಬೆನ್ನಿಗೆ ಸಿಂಪಡಿಸುತ್ತಿತ್ತು. ಎರಡಕ್ಕೂ ಟರ್ಬೊ ಇದೆ, ಎರಡರಲ್ಲೂ ಬ್ಲೋ-ಬೈ ಇದೆ, ಎರಡೂ ಆಯಿಲ್ ಹನಿಯನ್ನು ಇನ್‌ಟೇಕಿಗೆ ಎಳೆದುಕೊಳ್ಳುತ್ತವೆ. ಆದರೂ ವಾಲ್ವ್ ಮೇಲೆ ಗಟ್ಟಿ ಮಸಿ ಕೂರುವ ತೊಂದರೆ ಮುಖ್ಯವಾಗಿ ಮೊದಲನೆಯದಕ್ಕೆ. ಎರಡನೆಯದರಲ್ಲಿ ಪೆಟ್ರೋಲೇ ವಾಲ್ವನ್ನು ತೊಳೆಯುತ್ತಿರುತ್ತದೆ. ಅಂದಮೇಲೆ ಎಸ್‌ಟಿಐಗೆ ಮಸಿಯ ಭಯದಿಂದ ಡಬ್ಬಿ ಹಾಕಿಸುವುದರಲ್ಲಿ ಅರ್ಥ ಕಡಿಮೆ. ಡಬ್ಲ್ಯುಆರ್‌ಎಕ್ಸ್‌ನಲ್ಲಿ ಅರ್ಥವಿದೆ, ಆದರೆ ಪೂರ್ತಿ ಪರಿಹಾರವಲ್ಲ. ವಾಲ್ವಿನ ಕಾಂಡದ ಸೀಲಿನಿಂದ ಜಿನುಗುವ ಆಯಿಲ್, ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಕ್ಷಣದಲ್ಲಿ ಹಿಂದಕ್ಕೆ ನುಗ್ಗುವ ಉರಿದ ಅನಿಲ, ಇವೆರಡೂ ಡಬ್ಬಿಯನ್ನು ಹಾದು ಬರುವುದೇ ಇಲ್ಲ. ಅದನ್ನು ಹಾದು ಬಂದದ್ದರಲ್ಲೂ ತೀರ ಸಣ್ಣ ಹನಿಗಳು ತಪ್ಪಿಸಿಕೊಳ್ಳುತ್ತವೆ. ಇನ್ನು ಆಗಲೇ ಕಟ್ಟಿದ ಮಸಿಯನ್ನು ಯಾವ ಡಬ್ಬಿಯೂ ಕರಗಿಸದು. ಸುಟ್ಟ ಬಾಣಲೆಯ ತಳದಂತೆ ಕರಿಗಟ್ಟಿದ ಆ ಪದರವನ್ನು ಇನ್‌ಟೇಕ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಬಡಿದು ತೆಗೆಯಬೇಕಾಗುತ್ತದೆ.

ಡಬ್ಬಿಯಲ್ಲಿ ಇಷ್ಟು ಆಯಿಲ್ ಸಿಕ್ಕಿತಲ್ಲ, ಅದೆಲ್ಲ ಎಂಜಿನ್ನಿಗೆ ಹೋಗುತ್ತಿತ್ತಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಹಿಡಿದದ್ದನ್ನು ಒಂದು ಗಾಜಿನ ಲೋಟಕ್ಕೆ ಸುರಿದು ನೋಡಬೇಕು. ಚಳಿಗಾಲದಲ್ಲಿ ಅದು ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿರುತ್ತದೆ. ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ನೀರು ತಳಕ್ಕಿಳಿಯುತ್ತದೆ. ಪೆಟ್ರೋಲ್ ಉರಿದರೆ ನೀರಾವಿ ಹುಟ್ಟುವುದು ಸಹಜ, ತಣ್ಣನೆಯ ಡಬ್ಬಿಯಲ್ಲಿ ಅದು ಹನಿಯಾಗುವುದೂ ಸಹಜ. ಆ ನೀರು, ಆ ಪೆಟ್ರೋಲ್ ಹಾಗೇ ಇನ್‌ಟೇಕಿಗೆ ಹೋಗಿದ್ದರೂ ಮಸಿಯಾಗುತ್ತಿರಲಿಲ್ಲ. ಲೋಟದ ಅಳತೆಯನ್ನೇ ಉಳಿತಾಯದ ಅಳತೆ ಎಂದುಕೊಳ್ಳುವುದು ಇಲ್ಲಿಯ ತಪ್ಪು.

ಶಕ್ತಿಯ ವಿಷಯ ಬೇಗ ಮುಗಿಯುತ್ತದೆ. ಡಬ್ಬಿ ಅಶ್ವಶಕ್ತಿ ಹುಟ್ಟಿಸುವುದಿಲ್ಲ. ಗಾಳಿಯಲ್ಲಿ ಆಯಿಲ್ ಬೆರೆತರೆ ನಾಕಿಂಗ್ ತಡೆಯುವ ಗುಣ ಕುಗ್ಗುತ್ತದೆ, ಆಗ ಎಂಜಿನ್ ಕಂಪ್ಯೂಟರ್ ಇಗ್ನಿಷನ್ ಹಿಂದಕ್ಕೆ ತಳ್ಳಿ ಶಕ್ತಿ ಇಳಿಸುತ್ತದೆ. ಟ್ರ್ಯಾಕಿನಲ್ಲಿ ಸತತ ಬೂಸ್ಟ್‌ನಲ್ಲಿ ಓಡುವ ಕಾರಿಗೆ ಆ ನಷ್ಟ ಕಡಿಮೆಯಾದೀತು, ಅಷ್ಟೆ. ಕಡಿಮೆ ವೇಗದಲ್ಲಿ ದಿಢೀರನೆ ಎಂಜಿನ್ ಒಡೆಯಬಲ್ಲ ಪ್ರೀ-ಇಗ್ನಿಷನ್‌ಗೂ ಡಬ್ಬಿಯೇ ಮದ್ದು ಎನ್ನುವವರಿದ್ದಾರೆ. ಆ ತೊಂದರೆಯಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಹನಿಗಳ ಪಾತ್ರ ದೊಡ್ಡದು. ಅದಕ್ಕೆ ನಿಜವಾದ ಉತ್ತರ ಸಿಕ್ಕಿದ್ದು ಆಯಿಲಿನ ರಾಸಾಯನಿಕದಲ್ಲಿ: 2018ರ ಎಪಿಐ ಎಸ್‌ಎನ್ ಪ್ಲಸ್, 2020ರ ಎಪಿಐ ಎಸ್‌ಪಿ ದರ್ಜೆಗಳಲ್ಲಿ. ಡಬ್ಬಿಗೆ ಹಣ ಖರ್ಚು ಮಾಡಿ ಹಳೆಯ ದರ್ಜೆಯ ಆಯಿಲ್ ಸುರಿಯುವುದು ನನಗೆ ತೀರ ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ.

ಅಗತ್ಯವಿದ್ದರೆ ಕಂಪನಿಯವರೇ ಹಾಕುತ್ತಿರಲಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಾಕಿದ್ದಾರೆ: ಇಂದಿನ ಎಂಜಿನ್ನುಗಳ ಒಳಗೇ ಆವಿಯಿಂದ ಆಯಿಲ್ ಬೇರ್ಪಡಿಸಿ ಮತ್ತೆ ಕೆಳಗಿಳಿಸುವ ತಡೆಗಳಿರುತ್ತವೆ. ಮಾಲೀಕರು ಮರೆಯದೆ ಖಾಲಿ ಮಾಡುತ್ತಲೇ ಇರಬೇಕಾದ ಪಾತ್ರೆಯೊಂದನ್ನು ಲಕ್ಷಾಂತರ ಜನರ ಕೈಗೆ ಕೊಡಲು ಯಾವ ತಯಾರಕರೂ ಒಪ್ಪರು. ಮರೆತರೆ ಏನಾಗುತ್ತದೆ ಎಂಬುದೇ ಅದಕ್ಕೆ ಕಾರಣ. ತುಂಬಿದ ಡಬ್ಬಿಯಿಂದ ಒಮ್ಮೆಲೇ ಆಯಿಲ್ ಇನ್‌ಟೇಕಿಗೆ ಹೋಗಬಹುದು. ಹಿಮ ಬೀಳುವ ಊರುಗಳಲ್ಲಿ ಪೈಪಿನ ನೀರು ಹೆಪ್ಪುಗಟ್ಟಿದರೆ ಎಂಜಿನ್ನಿನ ಉಸಿರೇ ಕಟ್ಟಿ, ಒಳಗಿನ ಒತ್ತಡ ಸೀಲುಗಳನ್ನು ಹೊರದಬ್ಬುತ್ತದೆ. ಹಾಗಾಗಿಯೇ ಸುಬಾರು ಕಾರುಗಳಿಗೆ ಕೂಲೆಂಟಿನಿಂದ ಬೆಚ್ಚಗಿಟ್ಟು, ಹಿಡಿದ ಆಯಿಲನ್ನು ಎಂಜಿನ್ನಿಗೇ ಮರಳಿಸುವ ಸೆಪರೇಟರ್‌ಗಳು ಬಂದವು. ಒಳಗೆ ಜಾಲರಿಯೂ ತಡೆಯೂ ಇಲ್ಲದ ಅಗ್ಗದ ಬೋಳು ಡಬ್ಬಿ ಈ ಅಪಾಯವನ್ನೆಲ್ಲ ತರುತ್ತದೆ, ಉಪಯೋಗವನ್ನು ಮಾತ್ರ ತರುವುದಿಲ್ಲ. ಹನಿ ಯಾವುದಕ್ಕೂ ತಾಗದೆ ಒಂದು ಬಾಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಇನ್‌ಟೇಕ್ ಶುದ್ಧವಾಗಿರಲಿ ಎಂದು ಪೈಪನ್ನು ಹೊರಗಾಳಿಗೆ ಬಿಡುವುದು. ಹಾಗೆ ಮಾಡಿದರೆ ನಿರ್ವಾತದ ಎಳೆತ ತಪ್ಪಿ ತೇವ, ಪೆಟ್ರೋಲ್ ಆವಿ ಆಯಿಲಿನಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ಅರವತ್ತು ವರ್ಷಗಳ ಹಿಂದೆ ಮುಚ್ಚಿದ ಹೊಗೆಯ ಬಾಯಿಯನ್ನು ನಾವೇ ಮತ್ತೆ ತೆರೆದಂತಾಗುತ್ತದೆ. ಅಮೆರಿಕದ ಕಾಯಿದೆ ಇದಕ್ಕೆ ಒಪ್ಪುವುದಿಲ್ಲ. ನಮ್ಮ ಬಿಎಸ್-6 ನಿಯಮವೂ ಕ್ರ್ಯಾಂಕ್‌ಕೇಸ್ ಅನಿಲವನ್ನು ಹೊರಬಿಡಲು ಅವಕಾಶ ಕೊಡುವುದಿಲ್ಲ.

ಟ್ರ್ಯಾಕಿಗೆ ಇಳಿಸುವ, ಬೂಸ್ಟ್ ಏರಿಸಿದ, ನೇರ ಇಂಜೆಕ್ಷನ್ನಿನ ಕಾರಿಗೆ ಎರಡೂ ದಾರಿಗಳನ್ನು ಗಮನಿಸಿದ, ಒಳಗೆ ಜಾಲರಿ ಇರುವ, ಮುಚ್ಚಿದ ಸುತ್ತಿನ ಡಬ್ಬಿ ಹಾಕಿಸಿದರೆ ಸರಿಯೆಂದೇ ನನ್ನ ಅಭಿಪ್ರಾಯ. ಪೈಪು ಆಯಿಲಿಗೆ ಉಬ್ಬದಂಥದ್ದೂ ನಿರ್ವಾತಕ್ಕೆ ಚಪ್ಪಟೆಯಾಗದಂಥದ್ದೂ ಆಗಿರಬೇಕು. ಆಮೇಲೆ ಪ್ರತಿ ಸಲ ಖಾಲಿ ಮಾಡಿದಾಗ ಎಷ್ಟು ಕಿಲೋಮೀಟರಿಗೆ ಎಷ್ಟು ಎಂದು ಬರೆದಿಡಬೇಕು. ಒಂದೇ ಬಗೆಯ ಓಟದಲ್ಲಿ, ಒಂದೇ ಹವೆಯಲ್ಲಿ ಆ ಪ್ರಮಾಣ ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ದೊಡ್ಡ ಡಬ್ಬಿ ಹುಡುಕಬಾರದು, ಸಿಲಿಂಡರಿನ ಸೋರಿಕೆ ಅಳೆಯುವ ಲೀಕ್-ಡೌನ್ ಟೆಸ್ಟ್ ಮಾಡಿಸಬೇಕು. ಸವೆದಿರುವುದು ಪಿಸ್ಟನ್ ರಿಂಗುಗಳಿರಬಹುದು.