ಹಿಡಿಯುವ ಕೈ, ತಡೆಯುವ ತೋಳು

ಅಮೆರಿಕದ ಲೂಯಿಸಿಯಾನ ರಾಜ್ಯದ ರಾಜಧಾನಿ ಬ್ಯಾಟನ್ ರೂಜ್. ಮಿಸಿಸಿಪಿ ಮಹಾನದಿಯ ದಂಡೆಯಲ್ಲಿರುವ ಈ ನಗರದಲ್ಲಿ ಶರದೃತುವಿನ ಶನಿವಾರ ಸಂಜೆಯಾಯಿತೆಂದರೆ ಇನ್ನೊಂದು ಮಹಾನದಿ ಹರಿಯತೊಡಗುತ್ತದೆ, ಅದು ಜನರದು. ಊದಾ ಮತ್ತು ಹೊಂಬಣ್ಣದ ಉಡುಪು ತೊಟ್ಟ ಮುದುಕರು, ಮಕ್ಕಳು, ಗೃಹಿಣಿಯರು, ವಕೀಲರು, ಕೂಲಿಕಾರರು ಎಲ್ಲರೂ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದ ‘ಟೈಗರ್ ಸ್ಟೇಡಿಯಂ’ ಕಡೆಗೆ ಸಾಗುತ್ತಾರೆ. ಒಂದು ಲಕ್ಷಕ್ಕೂ ಮೀರಿದ ಜನರಿಗೆ ಅಲ್ಲಿ ಎಡೆಯುಂಟು. ಆಡುವವರು ಯಾರು? ಇನ್ನೂ ಮೀಸೆ ಬಲಿಯದ ವಿದ್ಯಾರ್ಥಿಗಳು!

ಪಂದ್ಯಗಳೇನೋ ವರ್ಷದಲ್ಲಿ ನಾಲ್ಕು ತಿಂಗಳ ಮಾತು. ಉಳಿದ ಎಂಟು ತಿಂಗಳು ಜನ ಏನು ಮಾಡುತ್ತಾರೆಂದರೆ, ಮುಂದಿನ ವರ್ಷದ ಲೆಕ್ಕ ಹಾಕುತ್ತಾರೆ. ಕಾಲೇಜಿನ ತಂಡವೆಂಬುದು ಛತ್ರವಿದ್ದಂತೆ. ಮೂರು ನಾಲ್ಕು ವರ್ಷ ತಂಗಿದ್ದವರು ಗಂಟು ಕಟ್ಟಿ ಹೊರಡುತ್ತಾರೆ. ಹೊಸಬರು ಬಂದು ಚಾಪೆ ಹಾಸುತ್ತಾರೆ. ಆದ್ದರಿಂದ ಪ್ರತಿ ಚಳಿಗಾಲದಲ್ಲೂ ಕ್ಷೌರದಂಗಡಿಯಿಂದ ಹಿಡಿದು ಇಗರ್ಜಿಯ ಅಂಗಳದವರೆಗೆ ಎರಡೇ ಪ್ರಶ್ನೆಗಳು: ಬರುವ ವರ್ಷ ಚೆಂಡನ್ನು ಹಿಡಿಯುವವರು ಯಾರು? ಅವರಿಗೆ ಚೆಂಡನ್ನು ಎಸೆಯುವವನ ಮುಂದೆ ಗೋಡೆಯಾಗಿ ನಿಲ್ಲುವವರು ಯಾರು?

ಇಲ್ಲಿ ವಾಚಕರಿಗೆ ಆಟದ ವಿಚಾರ ಒಂದೆರಡು ಮಾತು ಹೇಳುವುದು ಅಗತ್ಯ. ಅಮೆರಿಕನರ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ್ದು. ಅದನ್ನು ಕಾಲಿಗಿಂತ ಹೆಚ್ಚಾಗಿ ಕೈಯಲ್ಲಿಯೇ ಆಡುತ್ತಾರೆ. ಒಂದೊಂದು ಪಕ್ಷದಲ್ಲಿ 11 ಮಂದಿ. ಚೆಂಡು ಪಡೆದ ಪಕ್ಷ ನಾಲ್ಕು ಯತ್ನಗಳೊಳಗಾಗಿ 10 ಗಜ ಮುಂದುವರಿಯಬೇಕು; ಮುಂದುವರಿದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಯದು. ಕ್ವಾರ್ಟರ್‌ಬ್ಯಾಕ್ ಎನ್ನುವವನು ಸೂತ್ರಧಾರ. ದೂರಕ್ಕೆ ಓಡಿ ಅವನೆಸೆದ ಚೆಂಡನ್ನು ಹಿಡಿಯುವವರು ರಿಸೀವರುಗಳು. ಅವನ ಮುಂದೆ ಒಂದೇ ಸಾಲಿನಲ್ಲಿ ಬಾಗಿ ನಿಲ್ಲುವ ಐವರು ದೈತ್ಯದೇಹಿಗಳದೇ ಮುಂಚೂಣಿ. ಒಬ್ಬೊಬ್ಬನೂ 300 ಪೌಂಡಿನ ಆಸುಪಾಸು. ನುಗ್ಗಿ ಬರುವ ಶತ್ರುಗಳನ್ನು ಮೂರು ನಾಲ್ಕು ಸೆಕೆಂಡುಗಳ ಕಾಲ ತಡೆಯುವುದೇ ಇವರ ಧರ್ಮ. ಆ ಮೂರು ಸೆಕೆಂಡು ದೊರೆಯದಿದ್ದರೆ ಎಂಥ ರಿಸೀವರನಿದ್ದರೂ ವ್ಯರ್ಥ.

ಈ ಐವರಿಗೆ ಸಾಧಾರಣವಾಗಿ ಎಸೆದ ಚೆಂಡನ್ನು ಹಿಡಿಯುವ ಅಧಿಕಾರವೇ ಇಲ್ಲ! ಗುರುತಿಗಾಗಿ ಅವರು 50ರಿಂದ 79ರೊಳಗಿನ ಅಂಕಿಯನ್ನೇ ಧರಿಸಬೇಕು. ಚೆಂಡನ್ನು ಮುಂದಕ್ಕೆ ಎಸೆಯುವ ಪದ್ಧತಿಯಾದರೂ ಆದಿಯಿಂದ ಇದ್ದುದಲ್ಲ. ಗುಂಪುಗಟ್ಟಿ ಗುದ್ದಾಡುತ್ತಿದ್ದ ಹಳೆಯ ಆಟದಲ್ಲಿ ವಿದ್ಯಾರ್ಥಿಗಳು ಸಾಯತೊಡಗಿದಾಗ, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಬೇಕಾಯಿತು. 1906ರಲ್ಲಿ ಮುಂದೆಸೆತಕ್ಕೆ ನಿಯಮದ ಅಂಗೀಕಾರ ದೊರೆಯಿತು. ರಿಸೀವರನ ಕೀರ್ತಿ ಅಂದಿನಿಂದ ಮೊದಲಾಯಿತೆನ್ನಬಹುದು.

ಇರಲಿ. ಈ ಎರಡು ಪ್ರಶ್ನೆಗಳು ಬ್ಯಾಟನ್ ರೂಜಿನ ಜನರನ್ನು ಎಂದಿಗಿಂತ ಹೆಚ್ಚು ಕಾಡಿದ್ದು 2019ರ ಆರಂಭದಲ್ಲಿ. ಹಿಂದಿನ ಋತುವಿನಲ್ಲಿ ತಂಡ 10 ಪಂದ್ಯ ಗೆದ್ದು 3 ಸೋತಿತ್ತು. ಕಡಮೆಯೇನಲ್ಲ. ಆದರೆ ಪರಮ ಪ್ರತಿಸ್ಪರ್ಧಿಯಾದ ಅಲಬಾಮ ಈ ಹುಲಿಗಳ ಗುಹೆಗೇ ಬಂದು 29–0 ಅಂತರದಲ್ಲಿ ಬಡಿದು ಹೋಗಿತ್ತು. ಅದು ಆ ತಂಡದೆದುರು ಸತತ ಎಂಟನೆಯ ಸೋಲು. ಅಂದು ಲೂಯಿಸಿಯಾನದವರು ಚೆಂಡನ್ನು ಹೊತ್ತು ಓಡಿ ಗಳಿಸಿದ ದೂರವೆಲ್ಲ ಸೇರಿ 12 ಗಜ. ಮುಂಚೂಣಿ ಕುಸಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ರಿಸೀವರುಗಳ ಲೆಕ್ಕವೂ ಆಶಾದಾಯಕವಾಗಿರಲಿಲ್ಲ. 2018ರಲ್ಲಿ ಜಸ್ಟಿನ್ ಜೆಫರ್ಸನ್ 54 ಚೆಂಡು ಹಿಡಿದು 875 ಗಜ ಗಳಿಸಿದ್ದ. ಜಮಾರ್ ಚೇಸ್ ಎಂಬ ಮೊದಲ ವರ್ಷದ ಹುಡುಗ ಹಿಡಿದದ್ದು 23, ಟೆರೇಸ್ ಮಾರ್ಷಲ್ 12. ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅವಕಾಶ ಸಿಗದೆ ವಲಸೆ ಬಂದಿದ್ದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಇಡೀ ಋತುವಿನಲ್ಲಿ 16 ಟಚ್‌ಡೌನ್ ಎಸೆದಿದ್ದ. ಸಾಧಾರಣ ಫಲಿತಾಂಶ, ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ ಎರಡನೆಯ ದರ್ಜೆ.

ಇವರ ಪೂರ್ವಚರಿತ್ರೆಯಾದರೂ ಎಂಥದು! ಜೆಫರ್ಸನ್‌ನ ಇಬ್ಬರು ಅಣ್ಣಂದಿರು ಇದೇ ತಂಡದಲ್ಲಿ ಆಡಿ ಹೋಗಿದ್ದರು. ಹಿರಿಯಣ್ಣ ಜೋರ್ಡನ್ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಆದರೂ ಕಿರಿಯನನ್ನು ಪರಿಣತರು ದೊಡ್ಡ ಪ್ರತಿಭೆಯೆಂದು ಎಣಿಸಿರಲಿಲ್ಲ. ಮುಂಚೂಣಿಯ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಒಪ್ಪಿಸುವ ಸೆಂಟರ್ ಲಾಯ್ಡ್ ಕುಶನ್‌ಬೆರಿಯನ್ನು ಪ್ರೌಢಶಾಲೆಯ ದಿನಗಳಲ್ಲಿ ದೊಡ್ಡ ಕಾಲೇಜುಗಳು ಕಣ್ಣೆತ್ತಿಯೂ ನೋಡಿರಲಿಲ್ಲ. ಬಲಗಾರ್ಡ್ ಡೇಮಿಯನ್ ಲೂಯಿಸ್ ಮಿಸಿಸಿಪಿಯ ಕ್ಯಾಂಟನ್ ಎಂಬ ಊರಿನವನು. ಎರಡು ವರ್ಷದ ಸಣ್ಣ ಕಾಲೇಜೊಂದರಲ್ಲಿ ಆಡಿ, ಅಲ್ಲಿಂದ ಮೇಲೆ ಬಂದವನು. ಎಡಗಡೆ ಏಡ್ರಿಯನ್ ಮಗೀ ಮತ್ತು ಸಾದಿಕ್ ಚಾರ್ಲ್ಸ್, ಬಲತುದಿಯಲ್ಲಿ ಆಸ್ಟಿನ್ ಡೆಕ್ಯೂಲಸ್. ಅಲಬಾಮದ ಎದುರಿಗೆ ಸೋತ ತಂಡದಲ್ಲಿದ್ದವರೇ ಮತ್ತೆ ನಿಲ್ಲಬೇಕಾಗಿತ್ತು.

ಆ ಜನವರಿಯಲ್ಲಿ ಮುಖ್ಯ ತರಬೇತುದಾರ ಎಡ್ ಓರ್ಜೆರಾನರು ನೆರೆಯ ನ್ಯೂ ಆರ್ಲಿಯನ್ಸಿನ ವೃತ್ತಿಪರ ತಂಡದಿಂದ ಒಬ್ಬ ಸಹಾಯಕರನ್ನು ಕರೆತಂದರು. ಅವರ ಹೆಸರು ಜೋ ಬ್ರೇಡಿ, ವಯಸ್ಸು 29. ನಲವತ್ತು ವರ್ಷಗಳ ಹಿಂದೆ ಇದೇ ವಿಶ್ವವಿದ್ಯಾನಿಲಯದಲ್ಲಿ ಆಡಿದ್ದ ಹಿರಿಯ ಸ್ಟೀವ್ ಎನ್ಸ್‌ಮಿಂಗರರು ದಾಳಿಯ ಸೂತ್ರವನ್ನು ಹಿಡಿದಿದ್ದರು. ಮೊಮ್ಮಗನ ವಯಸ್ಸಿನವನಲ್ಲದಿದ್ದರೂ ಮಗನ ವಯಸ್ಸಿನವನ ಮಾತಿಗೆ ಅವರು ಕಿವಿಗೊಟ್ಟರು. ದೊಡ್ಡಸ್ತಿಕೆಯೆಂದರೆ ಇದು.

ಬ್ರೇಡಿಯವರು ತಂದ ಕ್ರಮ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಪಾಯಕರ. ಹಳೆಯ ರೂಢಿಯಂತೆ ರಿಸೀವರುಗಳಲ್ಲದೆ ಒಬ್ಬಿಬ್ಬರನ್ನು ಕ್ವಾರ್ಟರ್‌ಬ್ಯಾಕ್‌ನ ರಕ್ಷಣೆಗೆಂದು ಹಿಂದೆ ಉಳಿಸಿಕೊಳ್ಳುತ್ತಿದ್ದರು. ಈಗ ಹಾಗಲ್ಲ, ಹಿಡಿಯಬಲ್ಲ ಐವರನ್ನೂ ಬಯಲಿನ ಉದ್ದಗಲಕ್ಕೆ ಓಡಿಸುವುದು. ಎದುರಾಳಿ ಯಾರನ್ನೆಂದು ಕಾಯಬೇಕು? ಆದರೆ ರಕ್ಷಣೆಗೆ ಉಳಿಯುವವರು ಮುಂಚೂಣಿಯ ಐವರೇ. ಆರನೆಯ ಶತ್ರು ನುಗ್ಗಿದನೆಂದರೆ ಅವನನ್ನು ತಡೆಯಲು ಜನವಿಲ್ಲ. ರಿಸೀವರುಗಳಿಗೆ ಕೊಟ್ಟ ಸ್ವಾತಂತ್ರ್ಯದ ಬೆಲೆಯನ್ನೆಲ್ಲ ಈ ಐವರು ತೆರಬೇಕಾಗಿತ್ತು. ಮುಂಚೂಣಿಯ ತರಬೇತುದಾರ ಜೇಮ್ಸ್ ಕ್ರೆಗ್ಗರ ಹೊಣೆ ಎಂಥದೆಂಬುದನ್ನು ಊಹಿಸಬಹುದು.

ಮೊದಲ ದೊಡ್ಡ ಪರೀಕ್ಷೆ 2019ರ ಸೆಪ್ಟೆಂಬರ್ 7ರಂದು ಟೆಕ್ಸಾಸಿನ ಆಸ್ಟಿನ್‌ನಲ್ಲಿ ನಡೆಯಿತು. ಪಂದ್ಯ ಮುಗಿಯಲು ಮೂರು ನಿಮಿಷಕ್ಕೂ ಕಡಮೆ ಉಳಿದಿತ್ತು. ಲೂಯಿಸಿಯಾನ 37, ಟೆಕ್ಸಾಸ್ 31. ಮೂರನೆಯ ಯತ್ನ, ಗಳಿಸಬೇಕಾದದ್ದು 17 ಗಜ. ಗಳಿಸದಿದ್ದರೆ ಚೆಂಡು ಟೆಕ್ಸಾಸಿನ ಕೈಗೆ, ಅದರೊಂದಿಗೆ ಬಹುಶಃ ಪಂದ್ಯವೂ. ಹಳೆಯ ಕಾಲದ ಜಾಣ ತರಬೇತುದಾರನಾಗಿದ್ದರೆ ಚೆಂಡನ್ನು ಹೊತ್ತು ಓಡಿಸಿ ಗಡಿಯಾರವನ್ನು ಕರಗಿಸುತ್ತಿದ್ದ. ಇವರು ಎಸೆಯಲು ನಿಂತರು. ಟೆಕ್ಸಾಸಿನವರು ಗುಂಪಾಗಿ ನುಗ್ಗಿದರು. ಮುಂಚೂಣಿ ಬಳುಕಿತು, ಮುರಿಯಲಿಲ್ಲ. ನಡುವೆ ತೆರೆದ ಒಂದು ಕಿಂಡಿಗೆ ಬರೋ ಹೆಜ್ಜೆಯಿಟ್ಟು ಓರೆಯಾಗಿಯೇ ಚೆಂಡನ್ನೆಸೆದ. ಜೆಫರ್ಸನ್ ಹಿಡಿದ, ಹಿಡಿದವನು ನಿಲ್ಲಲಿಲ್ಲ. 61 ಗಜಗಳ ಟಚ್‌ಡೌನ್! ಕೊನೆಗೆ ಪಂದ್ಯ 45–38 ಆಯಿತು. ಮರುದಿನ ಚಿತ್ರಗಳಲ್ಲಿ ಮೆರೆದವರು ಎಸೆದವನೂ ಹಿಡಿದವನೂ. ಆ ಕಿಂಡಿಯನ್ನು ತೆರೆದಿಟ್ಟವರ ಬೆನ್ನು ಮಾತ್ರ ಅಲ್ಲಲ್ಲಿ ಕಂಡಿರಬೇಕು.

ಅಲ್ಲಿಂದ ಮುಂದಿನದು ದಂಡಯಾತ್ರೆ. ಚಾರ್ಲ್ಸ್ ಹಲವು ಪಂದ್ಯಗಳಿಗೆ ಹೊರಗುಳಿಯಬೇಕಾಗಿ ಬಂದಾಗಲೂ ಎಡ್ ಇಂಗ್ರಮ್, ಬದಾರಾ ಟ್ರಯೋರೆ ಮೊದಲಾದವರು ಎಡೆ ತುಂಬಿದರು, ಸಾಲು ಸಡಿಲಲಿಲ್ಲ. ನವೆಂಬರ್ 9ರಂದು ಅಲಬಾಮದ ನೆಲದಲ್ಲೇ 46–41ರ ಗೆಲುವು. ಎಂಟು ಸೋಲುಗಳ ಋಣ ಅಂದು ತೀರಿತು. ಡಿಸೆಂಬರ್ 28ರ ಅರೆಅಂತಿಮ ಪಂದ್ಯದಲ್ಲಿ ಓಕ್ಲಹೋಮ 63–28ರಿಂದ ಸೋತಿತು. ಪೂರ್ವಾರ್ಧವೊಂದರಲ್ಲಿಯೇ ಬರೋ ಏಳು ಟಚ್‌ಡೌನ್ ಎಸೆದಿದ್ದ, ಅವುಗಳಲ್ಲಿ ನಾಲ್ಕನ್ನು ಹಿಡಿದವನು ಜೆಫರ್ಸನ್. ಪಂದ್ಯಕ್ಕೆ ಕೆಲವೇ ಗಂಟೆಗಳ ಮುನ್ನ ವಿಮಾನಾಪಘಾತದಲ್ಲಿ ಸೊಸೆ ತೀರಿಹೋದ ವಾರ್ತೆ ಎನ್ಸ್‌ಮಿಂಗರರಿಗೆ ತಲಪಿತ್ತು. ಆ ಹಿರಿಯರು ಕಣ್ಣೊರಸಿಕೊಂಡು ಮೇಲಿನ ಕೋಣೆಗೆ ಹೋಗಿ ಕುಳಿತು ತಮ್ಮ ಕರ್ತವ್ಯವನ್ನು ಪೂರೈಸಿದರು. ಇಂಥ ದಿನ 63 ಅಂಕಗಳ ಹರ್ಷ ಅವರಿಗೆ ಎಷ್ಟು ಮುಟ್ಟಿತ್ತೋ!

2020ರ ಜನವರಿ 13ರಂದು ನ್ಯೂ ಆರ್ಲಿಯನ್ಸಿನಲ್ಲಿ ಕ್ಲೆಮ್ಸನ್ ತಂಡವನ್ನು 42–25ರಿಂದ ಮಣಿಸಿದಾಗ ಲೂಯಿಸಿಯಾನ 15 ಪಂದ್ಯಗಳಲ್ಲಿ 15ನ್ನೂ ಗೆದ್ದು ರಾಷ್ಟ್ರದ ಚಾಂಪಿಯನ್ ಆಗಿತ್ತು. ಹಿಂದಿನ ವರ್ಷ 23 ಚೆಂಡು ಹಿಡಿದಿದ್ದ ಚೇಸ್ 84 ಹಿಡಿದು 1,780 ಗಜ, 20 ಟಚ್‌ಡೌನ್ ಗಳಿಸಿದ್ದ. ಜೆಫರ್ಸನ್ ಹಿಡಿದದ್ದು 111. ಮಾರ್ಷಲ್ 13 ಟಚ್‌ಡೌನ್. ಬರೋ 16ರಿಂದ 60ಕ್ಕೆ ಏರಿದ್ದ. ಆವರೆಗೆ ಯಾರೂ ಅಷ್ಟು ಎಸೆದಿರಲಿಲ್ಲ. ಆ ದಾಖಲೆಯನ್ನು ಮುರಿಯಲು 2021ರಲ್ಲಿ ಬೇರೊಂದು ಕಾಲೇಜಿನವನು ಬರಬೇಕಾಯಿತು. ಐದಡಿ ಎಂಟಂಗುಲದ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಚೆಂಡು ಹೊತ್ತು ಓಡಿದ್ದು 1,414 ಗಜ. ಒಂದು ವರ್ಷದ ಹಿಂದೆ 12 ಗಜಕ್ಕೆ ಏದುಸಿರು ಬಿಟ್ಟವರು ಇವರೇ ಏನು ಎಂದು ಬೆರಗಾಗಬೇಕು.

ಬಹುಮಾನಗಳ ಹಂಚಿಕೆಯಲ್ಲಿ ಒಂದು ಸ್ವಾರಸ್ಯವಿದೆ. ದೇಶದ ಶ್ರೇಷ್ಠ ರಿಸೀವರನಿಗೆ ಸಲ್ಲುವ ಬಿಲೆಟ್ನಿಕಾಫ್ ಪ್ರಶಸ್ತಿ ಆ ವರ್ಷ ಚೇಸ್‌ನ ಪಾಲಾಯಿತು, ಅದು ಒಬ್ಬನದು. ಜೋ ಮೂರ್ ಎಂಬ ಹೆಸರಾಂತ ತರಬೇತುದಾರರ ನೆನಪಿನಲ್ಲಿ 2015ರಿಂದ ಕೊಡುತ್ತಿರುವ ಪ್ರಶಸ್ತಿ ಶ್ರೇಷ್ಠ ಮುಂಚೂಣಿಗೆ ಮೀಸಲು. ಅದು ಒಬ್ಬನಿಗೆ ಸಲ್ಲುವುದಿಲ್ಲ, ಸಾಲಿಗೆ ಸಾಲೇ ಪಡೆಯಬೇಕು. ಅದರ ವಿಗ್ರಹದ ತೂಕ ಸುಮಾರು 800 ಪೌಂಡು. ಒಬ್ಬನೇ ಎತ್ತಿ ಮೆರೆಯುವಂತೆಯೇ ಇಲ್ಲ! 2019ರಲ್ಲಿ ಅದು ಕುಶನ್‌ಬೆರಿ ಮತ್ತು ಸಂಗಡಿಗರಿಗೆ ದೊರೆಯಿತು.

ಕುಶನ್‌ಬೆರಿಗೆ ಇನ್ನೊಂದು ಗೌರವವೂ ಸಂದಿತ್ತು. ಈ ತಂಡದಲ್ಲಿ 18ನೆಯ ಅಂಕಿ ಬಲು ಪವಿತ್ರ. ನಡತೆಯಲ್ಲೂ ಆಟದಲ್ಲೂ ಮೇಲ್ಪಂಕ್ತಿಯಾದವನಿಗೆ ಅದನ್ನು ತೊಡುವ ಹಕ್ಕು. 2019ರಲ್ಲಿ ಆಯ್ಕೆಯಾದವರಲ್ಲಿ ಈತನೊಬ್ಬ. ಆದರೆ ನಿಯಮ ಅಡ್ಡಬಂದಿತು: ಮುಂಚೂಣಿಯವನು 18ನ್ನು ಧರಿಸುವಂತಿಲ್ಲವಷ್ಟೆ! ಕಡೆಗೆ ಅವನ 79ನೆಯ ಅಂಗಿಯ ಮೇಲೆಯೇ 18 ಎಂಬ ಚಿಕ್ಕ ತೇಪೆಯೊಂದನ್ನು ಹೊಲಿದರು. ದೂರದ ಆಸನದಲ್ಲಿದ್ದವರಿಗೆ ಅದು ಕಂಡಿರಲಾರದು.

ಛತ್ರ ಮತ್ತೆ ಬರಿದಾಯಿತು. 2020ರ ಏಪ್ರಿಲಿನಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಲೂಯಿಸಿಯಾನದಿಂದಲೇ 14 ಮಂದಿ ಹೊರಟರು. ಬರೋ ಎಲ್ಲರಿಗಿಂತ ಮೊದಲಿಗನಾಗಿ ಸಿನ್ಸಿನಾಟಿಗೆ ಹೋದ, ಜೆಫರ್ಸನ್ ಮಿನೆಸೋಟಕ್ಕೆ, ಲೂಯಿಸ್, ಕುಶನ್‌ಬೆರಿ, ಚಾರ್ಲ್ಸ್ ಮೂವರೂ ಬೇರೆಬೇರೆ ಊರುಗಳಿಗೆ. ಬ್ರೇಡಿಯವರೂ ಉಳಿಯಲಿಲ್ಲ. ಸಾಂಕ್ರಾಮಿಕದ ಆ ವರ್ಷ ಚೇಸ್ ಆಡದಿರಲು ನಿಶ್ಚಯಿಸಿದ. ಚಾಂಪಿಯನ್ ತಂಡ ಮರುವರ್ಷ 5 ಪಂದ್ಯ ಗೆದ್ದು 5 ಸೋತಿತು. ಓರ್ಜೆರಾನರು 2021ರ ಋತುವಿನ ತರುವಾಯ ಹುದ್ದೆ ಬಿಟ್ಟರು.

ಆದರೆ ಬ್ಯಾಟನ್ ರೂಜಿನ ಆ ಎರಡು ಪ್ರಶ್ನೆಗಳು ಬರೋನನ್ನು ಸಿನ್ಸಿನಾಟಿಯವರೆಗೂ ಹಿಂಬಾಲಿಸಿದವು. ಅಲ್ಲಿಯ ಮುಂಚೂಣಿ ದುರ್ಬಲವಾಗಿತ್ತು. 2020ರ ನವೆಂಬರಿನಲ್ಲಿ ಎದುರಾಳಿಗಳ ಹೊಡೆತಕ್ಕೆ ಸಿಕ್ಕಿ ಅವನ ಎಡಮೊಣಕಾಲಿನ ಸ್ನಾಯುಬಂಧ ಹರಿದುಹೋಯಿತು. 2021ರ ವಸಂತದಲ್ಲಿ ಸಿನ್ಸಿನಾಟಿಗೆ ಐದನೆಯ ಆಯ್ಕೆಯ ಸರದಿ ಬಂದಾಗ ಊರಿಗೆ ಊರೇ ಎರಡು ಪಕ್ಷವಾಯಿತು. ಗಾಯಗೊಂಡವನ ರಕ್ಷಣೆಗೆ ಒರೆಗಾನ್ ಕಾಲೇಜಿನ ಬೃಹತ್ಕಾಯನಾದ ಪೆನೇ ಸೂವೆಲನನ್ನು ತರಬೇಕೆಂದು ಒಂದು ಪಕ್ಷ. ಹಳೆಯ ಗೆಳೆಯ ಚೇಸ್‌ನನ್ನೇ ತರಬೇಕೆಂದು ಇನ್ನೊಂದು. ತಂಡ ಚೇಸ್‌ನನ್ನು ಆರಿಸಿತು.

ಆರಿಸಿದ್ದು ತಪ್ಪೆನ್ನುವಂತಿಲ್ಲ. ಚೇಸ್ ಮೊದಲ ವರ್ಷದಲ್ಲೇ 1,455 ಗಜ ಗಳಿಸಿದ. ಸಿನ್ಸಿನಾಟಿ ಅಂತಿಮ ಪಂದ್ಯದವರೆಗೆ ಏರಿತು. ಆದರೆ ದಾರಿಯಲ್ಲಿ ಟೆನೆಸಿಯವರು ಒಂದೇ ಪಂದ್ಯದಲ್ಲಿ ಬರೋನನ್ನು 9 ಸಲ ನೆಲಕ್ಕೆ ಕೆಡವಿದ್ದರು.

2022ರ ಫೆಬ್ರವರಿ 13ರ ರಾತ್ರಿ, ಲಾಸ್ ಏಂಜಲೀಸ್ ತಂಡದೆದುರು ನಡೆದ ಆ ಅಂತಿಮ ಪಂದ್ಯದಲ್ಲಿ 7 ಸಲ ಕೆಡವಿದರು. ಮುಗಿಯಲು ಒಂದು ನಿಮಿಷಕ್ಕೂ ಕಡಮೆ, 23–20ರ ಹಿನ್ನಡೆ, ನಾಲ್ಕನೆಯ ಯತ್ನ, ಬೇಕಾದದ್ದು ಒಂದೇ ಗಜ. ಬರೋ ಚೆಂಡು ಪಡೆದು ಹಿಂದಕ್ಕೆ ಸರಿದ. ಅತ್ತ ದೂರದಲ್ಲಿ ಚೇಸ್‌ನನ್ನು ಕಾಯುತ್ತಿದ್ದವನು ಜಾರಿ ಹಿಂದುಳಿದಿದ್ದ. ಚೇಸ್ ಬರಿಯ ಬಯಲಿನಲ್ಲಿ ಒಂಟಿಯಾಗಿ ಓಡುತ್ತಿದ್ದ. ಇತ್ತ ಆರನ್ ಡೊನಾಲ್ಡ್ ಎಂಬ ಮಹಾಬಲಶಾಲಿ ಮುಂಚೂಣಿಯನ್ನು ಸೀಳಿಕೊಂಡು ಬಂದು ಬರೋನ ಸೊಂಟವನ್ನು ಹಿಡಿದು ತಿರುಗಿಸಿದ. ಬೀಳುತ್ತ ಬೀಳುತ್ತ ಬರೋ ಎಸೆದ ಚೆಂಡು ಸಮೀಪದಲ್ಲೇ ನೆಲಕ್ಕೆ ಬಿದ್ದಿತು. ಚೇಸ್ ಇನ್ನೂ ಓಡುತ್ತಲೇ ಇದ್ದ.