ಧಾರವಾಡದ ಕಾಗದ ಪುಡಿಯಾಗುವ ಮುನ್ನ

ಕಾಗದದ ಗಟ್ಟಿತನ ತಿಳಿಯಲು ಗ್ರಂಥಪಾಲಕರು ಹಾಳೆಯ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮಡಚಿ ನೋಡುತ್ತಾರೆ. ಒಂದೆರಡು ಮಡಿಕೆಗೇ ಮೂಲೆ ಮುರಿದು ಬಂದರೆ ಆ ಹಾಳೆಯನ್ನು ಓದುಗರ ಕೈಗೆ ಕೊಡುವಂತಿಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾದ ಹಳೆಯ ಪತ್ರಿಕೆ, ವರದಿ, ಪಠ್ಯಪುಸ್ತಕಗಳು ಸಾಗುತ್ತಿರುವುದು ಅದೇ ದಾರಿಯಲ್ಲಿ.

ಕಾರಣ ಕಾಗದದೊಳಗೇ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಕಾಗದವನ್ನು ಹೆಚ್ಚಾಗಿ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಆಮೇಲೆ ಮರದ ತಿರುಳು ಬಂತು. ಶಾಯಿ ಹರಡದಿರಲೆಂದು ಅದಕ್ಕೆ ರಾಳವನ್ನೂ ಪಟಿಕವನ್ನೂ ಬೆರೆಸಿದರು. ತೇವ ತಗುಲಿದಾಗ ಪಟಿಕ ಆಮ್ಲ ಹುಟ್ಟಿಸುತ್ತದೆ, ಆಮ್ಲ ಸೆಲ್ಯುಲೋಸಿನ ಉದ್ದನೆಯ ಸರಪಣಿಗಳನ್ನು ತುಂಡರಿಸುತ್ತದೆ, ತುಂಡಾದ ಕಾಗದದಲ್ಲಿ ಮತ್ತಷ್ಟು ಆಮ್ಲ ಹುಟ್ಟುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮಲ್ಲಿ ಏಪ್ರಿಲ್‌ನ ಬಿಸಿಲು ಮುಗಿಯುತ್ತಿದ್ದಂತೆ ಮುಂಗಾರಿನ ತೇವ. ಅಮೆರಿಕದ ಕಾಗದ ಸಂರಕ್ಷಣಾ ತಜ್ಞ ವಿಲಿಯಂ ಬ್ಯಾರೊ 1900–1949ರ ನಡುವೆ ಅಚ್ಚಾದ 500 ಪುಸ್ತಕಗಳನ್ನು ಪರೀಕ್ಷಿಸಿ, ಶೇ. 97ರಷ್ಟು ಪುಸ್ತಕಗಳು ಇನ್ನು 50 ವರ್ಷಕ್ಕಿಂತ ಹೆಚ್ಚು ಬಾಳವೆಂದು 1959ರಲ್ಲಿ ಅಂದಾಜಿಸಿದ. ಆ ಗಡುವು ದಾಟಿ ಹೋಗಿದೆ.

ನನ್ನನ್ನು ಹೆಚ್ಚು ಕಾಡುವುದು, ಈ ನಾಶ ಎಲ್ಲರಿಗೂ ಒಂದೇ ಸಮನಾಗಿ ತಟ್ಟುವುದಿಲ್ಲ ಎಂಬುದು. ನಮ್ಮ ಹುಬ್ಬಳ್ಳಿ–ಧಾರವಾಡ ಕನ್ನಡ, ಮರಾಠಿ, ಉರ್ದು, ಕೊಂಕಣಿ ಬೆರೆತ ಊರು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರ ಪತ್ರ, ವರದಿ, ಚಿತ್ರಗಳು ಸ್ವಿಟ್ಜರ್ಲೆಂಡಿನ ಪತ್ರಾಗಾರದಲ್ಲಿ ಜೋಪಾನವಾಗಿವೆ. ಬ್ರಿಟಿಷ್ ಆಡಳಿತದ ಕಡತಗಳು ಮುಂಬಯಿ, ಲಂಡನ್ನುಗಳಲ್ಲಿವೆ. ಆದರೆ ಉರ್ದು, ಮರಾಠಿ ಶಾಲೆಗಳ ವರದಿ, ಮಠಗಳ ಕರಪತ್ರ, ಸಾವಜಿ ಮನೆತನಗಳ ಕಾಗದಪತ್ರ, ಮಾರವಾಡಿ ಅಂಗಡಿಗಳ ಕಿರ್ದಿ ಪುಸ್ತಕ ಇವಕ್ಕೆ ಎರಡನೆಯ ಪ್ರತಿ ಎಲ್ಲಿದೆ? ಕೈಕಾಗದದ ಮೇಲಿನ ಮೋಡಿ ಲಿಪಿಯ ದಾಖಲೆಗಳು ಗಟ್ಟಿಯಾಗಿಯೇ ಉಳಿಯಬಲ್ಲವು, ಓದಬಲ್ಲವರೇ ವಿರಳ. ಹೀಗೇ ಬಿಟ್ಟರೆ ನಾಳೆಯ ಇತಿಹಾಸಕಾರನಿಗೆ ಈ ಊರು ಕಲೆಕ್ಟರ್ ಮತ್ತು ಪಾದ್ರಿ ಕಂಡಂತೆ ಮಾತ್ರ ಕಂಡೀತು.

1992ರ ಮೇ ತಿಂಗಳಲ್ಲಿ ಬೋಸ್ನಿಯಾದ ಸರಾಯೆವೊ ನಗರದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಶೆಲ್ ದಾಳಿಗೆ ಸುಟ್ಟುಹೋಗಿ, ಅರಬ್ಬಿ, ತುರ್ಕಿ, ಪಾರಸಿ, ಬೋಸ್ನಿಯನ್ ಭಾಷೆಗಳ ಸಾವಿರಾರು ಹಸ್ತಪ್ರತಿಗಳು ಬೂದಿಯಾದವು. ಅದನ್ನು ಜಗತ್ತು ನೋಡಿತು. ನಮ್ಮ ಕಪಾಟುಗಳಲ್ಲಿ ನಡೆಯುತ್ತಿರುವುದಕ್ಕೆ ಸಾಕ್ಷಿಗಳಿಲ್ಲ.

1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಸಂಸ್ಥೆಗಳು, ವಿಶ್ವವಿದ್ಯಾಲಯ, ಪಾಲಿಕೆ ಕೂಡಿ ಮೊದಲು ಒಂದು ಪಟ್ಟಿ ಮಾಡಬೇಕು: ಯಾವ ಭಾಷೆಯ ಯಾವ ಕಾಗದ ಯಾರ ಮನೆಯಲ್ಲಿದೆ ಎಂದು. ಸ್ಕ್ಯಾನ್ ಮಾಡುವಾಗ ‘ಹಳೆಯದು ಮೊದಲು’ ಎಂಬ ಕ್ರಮ ಬೇಡ. 1890–1950ರ ಅಚ್ಚಿನ ಕಾಗದ ಮೊದಲು. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಷಾರದಿಂದ ಆಮ್ಲವನ್ನು ತಣಿಸಬಹುದು, ಆದರೆ ಮುರಿದ ನಾರು ಮತ್ತೆ ಕೂಡದು. ಮನೆಯಲ್ಲಿ ಇಂಥ ಕಾಗದ ಇಟ್ಟುಕೊಂಡವರು ದಯವಿಟ್ಟು ಅದಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ. ಆಮ್ಲ ಒಳಗೇ ಉಳಿಯುತ್ತದೆ, ಹಾಳೆಯನ್ನು ಮತ್ತೆ ಬಿಡಿಸಿ ತೆಗೆಯಲು ಆಗುವುದಿಲ್ಲ.